ಮನೆಯಲ್ಲಿ ಥೈರಾಯ್ಡ್ ತೊಂದರೆಯಿದ್ದರೆ ಮಕ್ಕಳಲ್ಲಿ ಏನನ್ನು ಗಮನಿಸಬೇಕು

ಬೆಳಿಗ್ಗೆ ಎದ್ದ ಕೂಡಲೇ ಅಮ್ಮನೋ ಅಜ್ಜಿಯೋ ಬರಿಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆ ನುಂಗುವುದು ಈಗ ಎಷ್ಟೋ ಮನೆಗಳ ದಿನಚರಿಯಾಗಿದೆ. ಅಂಥ ಮನೆಯಲ್ಲಿ ಮಗು ಸ್ವಲ್ಪ ದಪ್ಪಗಾದರೆ, ಕೂದಲು ಉದುರಿದರೆ ಅಥವಾ ಪರೀಕ್ಷೆಯಲ್ಲಿ ಅಂಕ ಕಡಿಮೆಯಾದರೆ "ಇವಳಿಗೂ ಥೈರಾಯ್ಡ್ ಬಂತೇನೋ" ಎಂದು ಲ್ಯಾಬಿಗೆ ಕರೆದೊಯ್ಯುವವರಿದ್ದಾರೆ. ಅದು ದೊಡ್ಡವರ ಕಾಯಿಲೆ, ಮಕ್ಕಳಿಗೆ ಬರುವುದಿಲ್ಲ ಎಂದುಕೊಂಡು ವರ್ಷಗಟ್ಟಲೆ ಸುಮ್ಮನಿರುವವರೂ ಇದ್ದಾರೆ. ಮೊದಲನೆಯವರು ಮಗುವಿಗೆ ಬೇಡದ ಸೂಜಿ, ಬೇಡದ ಮಾತ್ರೆ ಕೊಡಿಸುತ್ತಾರೆ. ಎರಡನೆಯವರು ಮಗು ಬೆಳೆಯಬೇಕಾದ ಕಾಲವನ್ನೇ ಕಳೆದುಕೊಳ್ಳುತ್ತಾರೆ. ಮನೆತನದಲ್ಲಿ ಥೈರಾಯ್ಡ್ ಇದೆ ಎಂದಮಾತ್ರಕ್ಕೆ ಮಗುವಿಗೂ ಕಾಯಿಲೆ ಇದೆ ಎಂದಾಗುವುದಿಲ್ಲ, ಆದರೆ ಆ ಮಗುವನ್ನು ಒಂದು ಕ್ರಮದಲ್ಲಿ ಗಮನಿಸುತ್ತಿರಬೇಕು. ಆ ಕ್ರಮದಲ್ಲಿ ತೂಕಕ್ಕಿಂತ, ಕೂದಲಿಗಿಂತ, ಅಂಕಪಟ್ಟಿಗಿಂತ ಹೆಚ್ಚು ನಂಬಬೇಕಾದದ್ದು ಮಗುವಿನ ಎತ್ತರ ಏರುವ ವೇಗವನ್ನು. ಈ ಲೇಖನದ ಬಹುಪಾಲು ಆ ಒಂದು ವಿಷಯವನ್ನೇ ಸುತ್ತುತ್ತದೆ.

ಕುತ್ತಿಗೆಯ ಮುಂಭಾಗದಲ್ಲಿ, ಗಂಟಲಮಣಿಯ ಕೆಳಗೆ ಇರುವ ಥೈರಾಯ್ಡ್ ಗ್ರಂಥಿಯು ಟಿ4 ಮತ್ತು ಟಿ3 ಎಂಬ ಹಾರ್ಮೋನುಗಳನ್ನು ತಯಾರಿಸುತ್ತದೆ. ಅವು ಎಷ್ಟು ತಯಾರಾಗಬೇಕೆಂಬುದನ್ನು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಟಿಎಸ್‌ಎಚ್ ಎಂಬ ಇನ್ನೊಂದು ಹಾರ್ಮೋನಿನ ಮೂಲಕ ನಿರ್ಧರಿಸುತ್ತದೆ. ಥೈರಾಯ್ಡ್ ಸೋತಾಗ ಟಿಎಸ್‌ಎಚ್ ಏರುತ್ತದೆ, ಥೈರಾಯ್ಡ್ ಅತಿಯಾಗಿ ಕೆಲಸ ಮಾಡಿದಾಗ ಟಿಎಸ್‌ಎಚ್ ಕುಸಿಯುತ್ತದೆ. ಲ್ಯಾಬ್ ವರದಿಯನ್ನು ಕೈಗೆತ್ತಿಕೊಂಡಾಗ ಅನೇಕರು ಗಲಿಬಿಲಿಗೊಳ್ಳುವುದು ಈ ತಿರುಗುಮುರುಗು ಸಂಬಂಧದಿಂದಲೇ. ದೊಡ್ಡವರಲ್ಲಿ ಈ ಹಾರ್ಮೋನು ಮುಖ್ಯವಾಗಿ ಶಕ್ತಿಯ ಬಳಕೆಯನ್ನು ನಿಯಂತ್ರಿಸುತ್ತದೆ. ಮಕ್ಕಳಲ್ಲಿ ಅದರ ಜೊತೆಗೆ ಮೊದಲ ಮೂರು ವರ್ಷ ಮಿದುಳಿನ ಬೆಳವಣಿಗೆಗೂ, ಹದಿಹರೆಯ ಮುಗಿಯುವವರೆಗೆ ಮೂಳೆಗಳ ಬೆಳವಣಿಗೆಗೂ ಅದು ಬೇಕೇ ಬೇಕು. ಆದ್ದರಿಂದಲೇ ಅಮ್ಮನಲ್ಲಿ ಕಂಡ ಲಕ್ಷಣಗಳನ್ನು ಮಗಳಲ್ಲಿ ಹುಡುಕಿದರೆ ಸಾಲದು.

ಹಂತ 1: ಮನೆತನದ ವಿವರವನ್ನು ಬಿಡಿಸಿ ಬರೆದುಕೊಳ್ಳಿ

"ನಮ್ಮ ಮನೆಯಲ್ಲಿ ಎಲ್ಲರಿಗೂ ಥೈರಾಯ್ಡ್ ಇದೆ" ಎಂದು ವೈದ್ಯರಿಗೆ ಹೇಳಿದರೆ ಅವರಿಗೆ ಹೆಚ್ಚೇನೂ ತಿಳಿಯುವುದಿಲ್ಲ. ಯಾರಿಗೆ, ಯಾವ ವಯಸ್ಸಿನಲ್ಲಿ, ಯಾವ ಬಗೆಯದು, ಈಗ ಯಾವ ಮಾತ್ರೆ ಎಂಬ ನಾಲ್ಕು ವಿಷಯಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಮಗುವಿನ ಅಕ್ಕ, ಅಣ್ಣ, ತಂದೆ, ತಾಯಿ, ಎರಡೂ ಕಡೆಯ ಅಜ್ಜ, ಅಜ್ಜಿ, ಸೋದರಮಾವ, ಚಿಕ್ಕಮ್ಮ, ಅತ್ತೆ, ಚಿಕ್ಕಪ್ಪ ಇವರಷ್ಟು ಸಾಕು. ತಂದೆಯ ಕಡೆಯವರನ್ನು ಕೇಳುವುದನ್ನು ಮರೆಯುವುದು ಸಾಮಾನ್ಯ; ಅಲ್ಲಿಂದ ಬರುವ ಅಪಾಯವೂ ಅಷ್ಟೇ ನಿಜ.

ಬರೆಯುವಾಗ ನಾಲ್ಕು ಬಗೆಗಳನ್ನು ಬೇರೆಬೇರೆಯಾಗಿ ನೋಡಬೇಕು, ಏಕೆಂದರೆ ಒಂದೊಂದರಿಂದಲೂ ಮಗುವಿಗೆ ಬರಬಹುದಾದ ಅಪಾಯ ಬೇರೆ. ಮೊದಲನೆಯದು, ದೇಹದ ರೋಗನಿರೋಧಕ ಶಕ್ತಿಯೇ ಥೈರಾಯ್ಡಿನ ಮೇಲೆ ತಿರುಗಿಬೀಳುವ ಬಗೆ. ಇದರಲ್ಲಿ ಗ್ರಂಥಿ ನಿಧಾನವಾಗಿ ಸೋಲುವ ಹಾಶಿಮೊಟೊ ಕಾಯಿಲೆ ಮತ್ತು ಗ್ರಂಥಿ ಅತಿಯಾಗಿ ಕೆಲಸ ಮಾಡುವ ಗ್ರೇವ್ಸ್ ಕಾಯಿಲೆ ಎರಡೂ ಸೇರುತ್ತವೆ, ಮತ್ತು ಒಂದೇ ಕುಟುಂಬದಲ್ಲಿ ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಮತ್ತೊಂದು ಕಾಣಿಸಿಕೊಳ್ಳಬಹುದು. ಜಪಾನಿನ ವೈದ್ಯ ಹಕಾರು ಹಾಶಿಮೊಟೊ 1912ರಲ್ಲಿ ವಿವರಿಸಿದ ಈ ಕಾಯಿಲೆಯೇ, ಅಯೋಡಿನ್ ಕೊರತೆಯಿಲ್ಲದ ಕಡೆಗಳಲ್ಲಿ, ಶಾಲಾ ವಯಸ್ಸಿನ ಮಕ್ಕಳಲ್ಲಿ ಥೈರಾಯ್ಡ್ ಕುಂದುವುದಕ್ಕೆ ಅತಿ ಸಾಮಾನ್ಯ ಕಾರಣ. ಹುಡುಗರಿಗಿಂತ ಹುಡುಗಿಯರಲ್ಲಿ ಇದು ಹಲವು ಪಟ್ಟು ಹೆಚ್ಚು. ಮೂರು ವರ್ಷದೊಳಗೆ ಅಪರೂಪ, ಹದಿಹರೆಯದ ಹೊತ್ತಿಗೆ ಹೆಚ್ಚು. ಇದೇ ಹಾಳೆಯಲ್ಲಿ ತೊನ್ನು, ಮಕ್ಕಳ ವಯಸ್ಸಿನಲ್ಲೇ ಇನ್ಸುಲಿನ್ ಬೇಕಾಗುವ ಟೈಪ್ 1 ಮಧುಮೇಹ, ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆ ಯಾರಿಗಾದರೂ ಇದ್ದರೆ ಅದನ್ನೂ ಸೇರಿಸಿ, ಏಕೆಂದರೆ ಇವೆಲ್ಲ ಒಂದೇ ಗುಂಪಿನ ಕಾಯಿಲೆಗಳು.

ಎರಡನೆಯದು, ಹುಟ್ಟಿನಿಂದಲೇ ಬರುವ ಥೈರಾಯ್ಡ್ ಕೊರತೆ. ಇದರಲ್ಲಿ ಹೆಚ್ಚಿನವು ಗ್ರಂಥಿ ಸರಿಯಾಗಿ ರೂಪುಗೊಳ್ಳದೆ ಆಗುವಂಥವು. ಅವು ವಂಶದಲ್ಲಿ ಸಾಗಿಬರುವುದು ಕಡಿಮೆ. ಆದರೆ ಒಂದು ಪಾಲು ಮಕ್ಕಳಲ್ಲಿ ಗ್ರಂಥಿ ಇದ್ದೂ ಹಾರ್ಮೋನು ತಯಾರಿಸುವ ಒಂದು ಹಂತ ಕೆಟ್ಟಿರುತ್ತದೆ. ತಂದೆ ತಾಯಿ ಇಬ್ಬರೂ ಆರೋಗ್ಯವಾಗಿದ್ದು, ಇಬ್ಬರಲ್ಲೂ ಅಡಗಿದ ಒಂದೇ ದೋಷವು ಮಗುವಿನಲ್ಲಿ ಜೊತೆಗೂಡುವುದರಿಂದ ಇದು ಬರುತ್ತದೆ. ಸೋದರಮಾವನೊಂದಿಗೆ ಅಥವಾ ಸೋದರಸಂಬಂಧದಲ್ಲಿ ಮದುವೆಯಾಗುವ ರೂಢಿಯಿರುವ ನಮ್ಮ ಕಡೆ ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಈ ಬಗೆಯ ಒಂದು ಮಗು ಮನೆಯಲ್ಲಿದ್ದರೆ ಮುಂದಿನ ಪ್ರತಿ ಬಸುರಿನಲ್ಲೂ ಅದು ಮರುಕಳಿಸುವ ಸಂಭವ ನಾಲ್ಕರಲ್ಲಿ ಒಂದು.

ಮೂರನೆಯದು, ಥೈರಾಯ್ಡ್ ಕ್ಯಾನ್ಸರ್. ಮನೆತನದಲ್ಲಿ ಯಾರಿಗಾದರೂ ಮೆಡುಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರ್ ಆಗಿದ್ದರೆ ಲಕ್ಷಣಕ್ಕಾಗಿ ಕಾಯಬಾರದು. ಅದಕ್ಕೆ ಕಾರಣವಾಗುವ ಆರ್‌ಇಟಿ ಜೀನಿನ ಪರೀಕ್ಷೆಯಿದೆ, ಮತ್ತು ದೋಷವಿರುವ ಮಗುವಿನ ಗ್ರಂಥಿಯನ್ನು ಕ್ಯಾನ್ಸರ್ ಬರುವ ಮೊದಲೇ ತೆಗೆಯುವ ಕ್ರಮವಿದೆ. ಹಾಗಾಗಿ ಆಪರೇಷನ್ ಆದ ನೆಂಟರ ಬಯಾಪ್ಸಿ ವರದಿಯನ್ನು ಹುಡುಕಿ ತೆಗೆಸಿ.

ನಾಲ್ಕನೆಯದು ಗಳಗಂಡ, ಅಂದರೆ ಕುತ್ತಿಗೆಯ ಬಾವು. ಇದು ಯಾವಾಗಲೂ ರಕ್ತಸಂಬಂಧದ ಮಾತಲ್ಲ. ಚಿಕ್ಕಮಗಳೂರು, ಕೊಡಗಿನಂಥ ಬೆಟ್ಟಸೀಮೆಗಳಲ್ಲಿ ಮಣ್ಣಿನಲ್ಲಿ ಅಯೋಡಿನ್ ಕಡಿಮೆಯಿದ್ದು ಗಳಗಂಡ ಹಿಂದಿನಿಂದಲೂ ಇದೆ. ಕೇಂದ್ರ ಸರ್ಕಾರ 1962ರಲ್ಲೇ ಗಳಗಂಡ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿದ್ದು ದೇಶದ ಇಂಥ ಪ್ರದೇಶಗಳಿಗಾಗಿಯೇ. ಅಜ್ಜಿಗೂ ದೊಡ್ಡಮ್ಮನಿಗೂ ಗಳಗಂಡವಿತ್ತು ಎಂದರೆ ಅವರಿಬ್ಬರೂ ಹಂಚಿಕೊಂಡದ್ದು ವಂಶವನ್ನೇ ಇರಬಹುದು, ಒಂದೇ ಅಡುಗೆಮನೆಯ ಉಪ್ಪನ್ನೂ ಇರಬಹುದು. ಈಗ ನಿಮ್ಮ ಮನೆಯಲ್ಲಿ ಯಾವ ಉಪ್ಪು ಬಳಸುತ್ತೀರಿ ಎಂಬುದನ್ನೂ ಆ ಹಾಳೆಯಲ್ಲಿ ಬರೆಯಿರಿ. ಆರೋಗ್ಯಕ್ಕೆ ಒಳ್ಳೆಯದೆಂಬ ನಂಬಿಕೆಯಿಂದ ಅಯೋಡಿನ್ ಇಲ್ಲದ ಕಲ್ಲುಪ್ಪು ಅಥವಾ ಸೈಂಧವ ಲವಣಕ್ಕೆ ಪೂರ್ತಿ ಬದಲಾಯಿಸಿದ ಮನೆಗಳು ಈಗ ಹೆಚ್ಚುತ್ತಿವೆ; ಬೆಳೆಯುವ ಮಕ್ಕಳಿರುವ ಮನೆಯಲ್ಲಿ ಇದನ್ನು ನಾನು ಒಪ್ಪುವುದಿಲ್ಲ. ಬಳಸುವವರ ಮಟ್ಟದಲ್ಲಿ ಉಪ್ಪಿನಲ್ಲಿ ಕನಿಷ್ಠ 15 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 15 ಭಾಗ) ಅಯೋಡಿನ್ ಇರಬೇಕೆಂಬುದು ನಿಯಮ. ಪೊಟ್ಟಣ ಒಡೆದ ಮೇಲೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ, ಒಲೆಯ ಶಾಖ ತಾಗದ ಕಡೆ ಇಟ್ಟರೆ ಅದು ಉಳಿಯುತ್ತದೆ.

ಹಂತ 2: ಹುಟ್ಟಿದ ಮಗುವಿನ ವಿಷಯದಲ್ಲಿ ಲಕ್ಷಣಕ್ಕಾಗಿ ಕಾಯಬೇಡಿ

ಭಾರತದಲ್ಲಿ ಸುಮಾರು 1,000ದಿಂದ 1,500 ಶಿಶುಗಳಿಗೆ ಒಂದರಂತೆ ಹುಟ್ಟಿನಿಂದಲೇ ಥೈರಾಯ್ಡ್ ಕೊರತೆ ಇರುತ್ತದೆ. ಹುಟ್ಟಿದಾಗ ಈ ಮಗು ನೋಡಲು ಎಲ್ಲ ಮಕ್ಕಳಂತೆಯೇ ಇರುತ್ತದೆ, ಏಕೆಂದರೆ ತಾಯಿಯ ಹಾರ್ಮೋನು ಸ್ವಲ್ಪಮಟ್ಟಿಗೆ ಅದನ್ನು ಕಾಪಾಡಿರುತ್ತದೆ. ಮುಂದಿನ ವಾರಗಳಲ್ಲಿ ಕಾಣುವ ಚಿಹ್ನೆಗಳನ್ನು ಮನೆಯವರು ಹೊಗಳುವುದೇ ಹೆಚ್ಚು. ಮಗು ಅಳುವುದೇ ಇಲ್ಲ, ಬಹಳ ಸಾಧು, ಹಾಲಿಗೂ ಎಬ್ಬಿಸಬೇಕು, ಚೆನ್ನಾಗಿ ನಿದ್ದೆ ಮಾಡುತ್ತದೆ ಎನ್ನುತ್ತಾರೆ. ಎರಡು ವಾರ ಮೀರಿದರೂ ಇಳಿಯದ ಕಾಮಾಲೆ, ಗಟ್ಟಿ ಮಲ, ಒರಟು ದನಿಯ ಅಳು, ಹೊರಚಾಚಿದ ದಪ್ಪ ನಾಲಿಗೆ, ಉಬ್ಬಿದ ಹೊಕ್ಕುಳು, ತಣ್ಣಗಿನ ಚರ್ಮ, ಅಗಲವಾಗಿಯೇ ಉಳಿದ ನೆತ್ತಿಯ ಮೆದುಭಾಗ ಇವು ಇತರ ಸೂಚನೆಗಳು. ಇವೆಲ್ಲ ಸ್ಪಷ್ಟವಾಗಿ ಕಾಣುವ ಹೊತ್ತಿಗೆ ಮಿದುಳಿಗೆ ಹಾನಿ ಆಗಿಬಿಟ್ಟಿರುತ್ತದೆ. ಚಿಕಿತ್ಸೆಯನ್ನು ಮೊದಲ ಎರಡು ವಾರದೊಳಗೆ ಆರಂಭಿಸಿದರೆ ಮಗು ಸಹಜವಾಗಿ ಬೆಳೆಯುತ್ತದೆ.

ಆದ್ದರಿಂದ ಹೆರಿಗೆಗೆ ಮೊದಲೇ ಆಸ್ಪತ್ರೆಯಲ್ಲಿ "ನವಜಾತ ಶಿಶುವಿನ ಥೈರಾಯ್ಡ್ ತಪಾಸಣೆ ಇಲ್ಲಿ ಮಾಡುತ್ತೀರಾ, ವರದಿ ಎಂದು ಬರುತ್ತದೆ" ಎಂದು ಕೇಳಿ. ಹೊಕ್ಕುಳುಬಳ್ಳಿಯ ರಕ್ತದಿಂದ, ಇಲ್ಲವೇ 48ರಿಂದ 72 ಗಂಟೆಗಳ ನಡುವೆ ಹಿಮ್ಮಡಿಯಿಂದ ತೆಗೆದ ಹನಿ ರಕ್ತದಿಂದ ಇದನ್ನು ಮಾಡುತ್ತಾರೆ. ಹುಟ್ಟಿದ ಮೊದಲ ದಿನ ಟಿಎಸ್‌ಎಚ್ ಸಹಜವಾಗಿಯೇ ಬಹಳ ಏರಿರುವುದರಿಂದ ಅಂದು ಹಿಮ್ಮಡಿಯಿಂದ ತೆಗೆದ ರಕ್ತ ದಾರಿ ತಪ್ಪಿಸಬಹುದು. ತಿಂಗಳು ತುಂಬದೆ ಹುಟ್ಟಿದ ಅಥವಾ ತೂಕ ಕಡಿಮೆಯಿರುವ ಮಗುವಿಗೆ ಕೆಲವು ವಾರಗಳಲ್ಲಿ ಎರಡನೆಯ ಬಾರಿ ಪರೀಕ್ಷೆ ಬೇಕಾಗುತ್ತದೆ. ವರದಿ ಕೈಗೆ ಬರುವವರೆಗೆ ಬಿಡಬೇಡಿ. ಪರೀಕ್ಷೆಗೆ ರಕ್ತ ಕೊಟ್ಟು, ಬಾಣಂತನಕ್ಕೆ ತವರಿಗೆ ಹೊರಟು, ವರದಿ ಆಸ್ಪತ್ರೆಯ ಕಡತದಲ್ಲೇ ಉಳಿದುಹೋದರೆ ಪರೀಕ್ಷೆ ಮಾಡಿಸದಿದ್ದಷ್ಟೇ ಆಯಿತು. ತವರಿನ ದೂರವಾಣಿ ಸಂಖ್ಯೆಯನ್ನೂ ಆಸ್ಪತ್ರೆಯಲ್ಲಿ ಬರೆಸಿ, ಫಲಿತಾಂಶವನ್ನು ತಾಯಿ ಕಾರ್ಡಿನಲ್ಲಿ ನಮೂದಿಸಲು ಕೇಳಿಕೊಳ್ಳಿ.

ತಾಯಿಗೆ ಗ್ರೇವ್ಸ್ ಕಾಯಿಲೆ ಇದ್ದರೆ, ಅಥವಾ ಅದಕ್ಕಾಗಿ ಹಿಂದೆಂದೋ ಆಪರೇಷನ್ ಆಗಿ ಈಗ ಥೈರಾಕ್ಸಿನ್ (ಅಂದರೆ ಟಿ4 ಹಾರ್ಮೋನಿನ) ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಅದನ್ನು ಹೆರಿಗೆ ವೈದ್ಯರಿಗೂ ಮಕ್ಕಳ ವೈದ್ಯರಿಗೂ ಬೇರೆಬೇರೆಯಾಗಿ ಹೇಳಬೇಕು. ಗ್ರಂಥಿಯನ್ನು ತೆಗೆದ ಮೇಲೂ ತಾಯಿಯ ರಕ್ತದಲ್ಲಿ ಉಳಿಯುವ ಪ್ರತಿಕಾಯಗಳು (ಥೈರಾಯ್ಡಿನ ಮೇಲೆ ತಿರುಗಿಬಿದ್ದ ರೋಗನಿರೋಧಕ ಶಕ್ತಿಯ ಪ್ರೋಟೀನುಗಳು) ಮಗುವನ್ನು ತಲುಪಿ, ಮೊದಲ ಕೆಲವು ದಿನಗಳಲ್ಲಿ ಅತಿವೇಗದ ಎದೆಬಡಿತ, ಚಡಪಡಿಕೆ, ಹಾಲು ಚೆನ್ನಾಗಿ ಕುಡಿದರೂ ತೂಕ ಏರದಿರುವುದು ಮುಂತಾದವನ್ನು ಉಂಟುಮಾಡಬಹುದು. ಇಂಥ ತಾಯಂದಿರ ಮಕ್ಕಳಲ್ಲಿ ನೂರಕ್ಕೆ ಒಂದರಿಂದ ಐದರಷ್ಟು ಮಕ್ಕಳಿಗೆ ಮಾತ್ರ ಹೀಗಾಗುತ್ತದೆಯಾದರೂ ಆದಾಗ ಅದು ತುರ್ತುಸ್ಥಿತಿ. ಸಾಮಾನ್ಯ ಥೈರಾಯ್ಡ್ ಕೊರತೆಗೆ ಮಾತ್ರೆ ತೆಗೆದುಕೊಳ್ಳುವ ತಾಯಿ ಎದೆಹಾಲು ಕೊಡುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಹಂತ 3: ಎತ್ತರವನ್ನು ಆರು ತಿಂಗಳಿಗೊಮ್ಮೆ ಅಳೆದು ಬರೆದಿಡಿ

ಶಾಲಾ ವಯಸ್ಸಿನ ಮಗುವಿನಲ್ಲಿ ಥೈರಾಯ್ಡ್ ನಿಧಾನವಾಗಿ ಕುಂದುತ್ತಿದ್ದರೆ ಬೇರೆ ಯಾವ ಚಿಹ್ನೆಯೂ ಕಾಣುವ ಮೊದಲು ಎತ್ತರ ಏರುವುದು ನಿಧಾನವಾಗಬಹುದು, ಮತ್ತು ಎಷ್ಟೋ ಸಲ ಅದೊಂದೇ ಚಿಹ್ನೆಯಾಗಿರುತ್ತದೆ. ಮಗು ಗಿಡ್ಡವೇ ಎಂಬ ಪ್ರಶ್ನೆ ಇಲ್ಲಿ ಮುಖ್ಯವಲ್ಲ. ತಂದೆ ತಾಯಿ ಗಿಡ್ಡಗಿದ್ದರೆ ಮಗುವೂ ಗಿಡ್ಡಗಿರುತ್ತದೆ, ಅದು ಕಾಯಿಲೆಯಲ್ಲ. ತನ್ನದೇ ದಾರಿಯಲ್ಲಿ ಬೆಳೆಯುತ್ತಿದ್ದ ಮಗು ಆ ದಾರಿಯಿಂದ ಕೆಳಗಿಳಿಯುತ್ತಿದೆಯೇ ಎಂಬುದನ್ನು ನೋಡಬೇಕು. ಮೂರನೆಯ ತರಗತಿಯಲ್ಲಿ ಪ್ರಾರ್ಥನೆಯ ಸಾಲಿನ ನಡುವೆ ನಿಲ್ಲುತ್ತಿದ್ದ ಹುಡುಗಿ ಐದನೆಯ ತರಗತಿಗೆ ಬರುವಾಗ ಸಾಲಿನ ಮೊದಲಿಗೆ ಬಂದಿದ್ದರೆ, ಜೂನ್‌ನಲ್ಲಿ ಹೊಲಿಸಿದ ಸಮವಸ್ತ್ರದ ಲಂಗದ ಅಂಚನ್ನು ಮುಂದಿನ ಜೂನ್‌ನಲ್ಲೂ ಬಿಚ್ಚಬೇಕಾಗದಿದ್ದರೆ, ತಂಗಿಯು ಅಕ್ಕನ ಭುಜವನ್ನು ದಾಟಿ ಕಿವಿಯವರೆಗೆ ಬಂದಿದ್ದರೆ ಅದನ್ನು ಮನೆಯವರು ನೋಡಿಯೇ ಇರುತ್ತಾರೆ. ಆದರೆ ಅಳೆದು ಬರೆದಿಡದ ಕಾರಣ ಅದು ವೈದ್ಯರವರೆಗೆ ತಲುಪುವುದಿಲ್ಲ.

ಅಳೆಯುವುದಕ್ಕೆ ವಿಶೇಷ ಉಪಕರಣ ಬೇಡ. ನೆಲ ಮಟ್ಟವಾಗಿರುವ, ಕೆಳಗೆ ಅಂಚುಪಟ್ಟಿ ಹೊರಚಾಚದ ಒಂದು ಗೋಡೆಯನ್ನು ಆರಿಸಿಕೊಳ್ಳಿ. ಮಗುವಿನ ಚಪ್ಪಲಿ, ಕಾಲುಚೀಲ ತೆಗೆಸಿ, ಜಡೆ ಅಥವಾ ತುರುಬನ್ನು ಬಿಚ್ಚಿಸಿ. ಹಿಮ್ಮಡಿ, ಪೃಷ್ಠ, ಬೆನ್ನಿನ ಮೇಲ್ಭಾಗ ಗೋಡೆಗೆ ತಾಗಿರಲಿ, ಕಣ್ಣು ನೇರ ಮುಂದಕ್ಕೆ ನೋಡುತ್ತಿರಲಿ. ರಟ್ಟಿನ ಹೊದಿಕೆಯ ಒಂದು ದಪ್ಪ ಪುಸ್ತಕದ ಒಂದು ಅಂಚನ್ನು ಗೋಡೆಗೆ ಒತ್ತಿ, ಇನ್ನೊಂದು ಅಂಚನ್ನು ನೆತ್ತಿಯ ಮೇಲೆ ಕೂದಲು ಅದುಮುವಷ್ಟು ಇಳಿಸಿ, ಅದರ ಕೆಳ ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕಿ. ಆಮೇಲೆ ಲೋಹದ ಟೇಪಿನಿಂದ ನೆಲದಿಂದ ಗುರುತಿನವರೆಗೆ ಅಳೆದು ಮಿಲಿಮೀಟರಿನವರೆಗೂ ಬರೆಯಿರಿ. ದರ್ಜಿಯ ಬಟ್ಟೆಯ ಟೇಪು ಹಿಗ್ಗಿರುತ್ತದೆ. ಮೂರು ಸಲ ಅಳೆದು ಸರಾಸರಿ ತೆಗೆದರೆ ಇನ್ನೂ ಒಳ್ಳೆಯದು. ಬೆಳಗಿಗಿಂತ ಸಂಜೆಗೆ ಎತ್ತರ ಸ್ವಲ್ಪ ಕುಗ್ಗುವುದರಿಂದ ಪ್ರತಿ ಸಲವೂ ಒಂದೇ ಹೊತ್ತಿನಲ್ಲಿ ಅಳೆಯಬೇಕು. ತಿಂಗಳಿಗೊಮ್ಮೆ ಅಳೆದು ಚಿಂತೆ ಮಾಡುವುದು ವ್ಯರ್ಥ. ಅಳತೆಯ ತಪ್ಪೇ ಬೆಳವಣಿಗೆಗಿಂತ ದೊಡ್ಡದಾಗಿರುತ್ತದೆ. ಶಾಲೆ ಆರಂಭವಾಗುವ ಜೂನ್ ಮತ್ತು ಡಿಸೆಂಬರ್ ನೆನಪಿಡಲು ಸುಲಭ.

ಮೊದಲ ವರ್ಷ ಮಗು ಸುಮಾರು 25 ಸೆಂ.ಮೀ., ಎರಡನೆಯ ವರ್ಷ 10ರಿಂದ 12 ಸೆಂ.ಮೀ. ಬೆಳೆಯುತ್ತದೆ. ಐದು ವರ್ಷದಿಂದ ಹದಿಹರೆಯ ಆರಂಭವಾಗುವವರೆಗೆ ವರ್ಷಕ್ಕೆ 5ರಿಂದ 6 ಸೆಂ.ಮೀ. ಏರುತ್ತದೆ. ಈ ವಯಸ್ಸಿನಲ್ಲಿ ವರ್ಷಕ್ಕೆ 4 ಸೆಂ.ಮೀ.ಗಿಂತ ಕಡಿಮೆ ಏರಿದರೆ ವೈದ್ಯರನ್ನು ಕಾಣಬೇಕು. ಒಂದು ಉದಾಹರಣೆ ನೋಡೋಣ. ಒಂಬತ್ತು ವರ್ಷದ ಹುಡುಗಿಯೊಬ್ಬಳು ಜೂನ್‌ನಲ್ಲಿ 127 ಸೆಂ.ಮೀ., 25 ಕೆ.ಜಿ. ಇದ್ದಳು ಎನ್ನೋಣ. ಮುಂದಿನ ಜೂನ್‌ನಲ್ಲಿ ಅವಳು 129.5 ಸೆಂ.ಮೀ., 29 ಕೆ.ಜಿ. ಆಗಿದ್ದರೆ ಅವಳ ಎತ್ತರ ಹತ್ತು ವರ್ಷದ ಹುಡುಗಿಗೆ ತೀರಾ ಕಡಿಮೆಯೆಂದು ಯಾರಿಗೂ ಅನ್ನಿಸುವುದಿಲ್ಲ, ಆದರೆ ಏರಿಕೆ ಎರಡೂವರೆ ಸೆಂಟಿಮೀಟರ್ ಮಾತ್ರ, ಅದೇ ವೇಳೆ ತೂಕ ಏರುತ್ತಲೇ ಇದೆ. ಮನೆತನದಲ್ಲಿ ಥೈರಾಯ್ಡ್ ಇರುವ ಮಗುವಿನಲ್ಲಿ ಈ ಜೋಡಿ ಕಂಡರೆ ಪರೀಕ್ಷೆ ಮುಂದೂಡಬಾರದು. ಇದೇ ಹುಡುಗಿ ಅದೇ ಅವಧಿಯಲ್ಲಿ 133 ಸೆಂ.ಮೀ., 33 ಕೆ.ಜಿ. ಆಗಿದ್ದರೆ ಅಮ್ಮನಿಗೆ ಥೈರಾಯ್ಡ್ ಇದ್ದರೂ ಮಗಳ ತೂಕಕ್ಕೆ ಥೈರಾಯ್ಡ್ ಕಾರಣವಾಗಿರುವ ಸಂಭವ ಬಹಳ ಕಡಿಮೆ, ಏಕೆಂದರೆ ಹೆಚ್ಚು ಆಹಾರದಿಂದ ದಪ್ಪಗಾಗುವ ಮಗು ಎತ್ತರದಲ್ಲೂ ಚೆನ್ನಾಗಿ ಬೆಳೆಯುತ್ತದೆ. ದಪ್ಪಗಿದ್ದು ಎತ್ತರವೂ ಏರುತ್ತಿರುವ ಮಕ್ಕಳನ್ನು ಥೈರಾಯ್ಡ್ ಪರೀಕ್ಷೆಗೆ ಎಳೆದೊಯ್ಯುವುದು ನಮ್ಮಲ್ಲಿ ಅತಿಯಾಗಿದೆ. ಅವರಿಗೆ ಬೇಕಾದದ್ದು ತಟ್ಟೆಯಲ್ಲೂ ಆಟದ ಸಮಯದಲ್ಲೂ ಬದಲಾವಣೆ.

ಅಳತೆಗಳನ್ನು ಬೆಳವಣಿಗೆ ನಕ್ಷೆಯಲ್ಲಿ ಗುರುತಿಸಲು ವೈದ್ಯರನ್ನು ಕೇಳಿ. ಐದು ವರ್ಷದವರೆಗೆ ವಿಶ್ವ ಆರೋಗ್ಯ ಸಂಸ್ಥೆಯ ನಕ್ಷೆ, ಅನಂತರ 18 ವರ್ಷದವರೆಗೆ ಭಾರತೀಯ ಮಕ್ಕಳ ವೈದ್ಯರ ಸಂಘ 2015ರಲ್ಲಿ ಪ್ರಕಟಿಸಿದ ನಕ್ಷೆ ಬಳಕೆಯಲ್ಲಿವೆ. ತಾಯಿ ಕಾರ್ಡ್ ಮತ್ತು ಅಂಗನವಾಡಿಯ ದಾಖಲೆಯಲ್ಲಿರುವ ಹಳೆಯ ಅಳತೆಗಳನ್ನು ಎಸೆಯಬೇಡಿ. ಮಗು ಯಾವಾಗ ದಾರಿಬಿಟ್ಟಿತು ಎಂಬುದು ಅದರಿಂದಲೇ ತಿಳಿಯುತ್ತದೆ.

ಹಂತ 4: ಎತ್ತರದ ಜೊತೆಗೆ ಬೇರೆ ಚಿಹ್ನೆಗಳನ್ನು ಹೊಂದಿಸಿ ನೋಡಿ

ಮಲಬದ್ಧತೆ, ಒಣಚರ್ಮ, ಎಲ್ಲರೂ ಫ್ಯಾನ್ ಹಾಕಿಕೊಂಡಾಗ ಹೊದಿಕೆ ಕೇಳುವುದು, ಸಂಜೆ ಆಟಕ್ಕೆ ಹೋಗದೆ ಮಲಗುವುದು, ಬೆಳಿಗ್ಗೆ ಮುಖ ಊದಿಕೊಂಡಂತೆ ಕಾಣುವುದು, ಹಾಲುಹಲ್ಲು ತಡವಾಗಿ ಬೀಳುವುದು, ಮುಟ್ಟಿನಲ್ಲಿ ಅತಿಸ್ರಾವ ಇವು ಥೈರಾಯ್ಡ್ ಕೊರತೆಯ ಚಿಹ್ನೆಗಳು. ಇವುಗಳಲ್ಲಿ ಒಂದೊಂದಕ್ಕೂ ಬೇರೆ ನೂರು ಕಾರಣಗಳಿರುವುದರಿಂದ ಒಂದನ್ನೇ ಹಿಡಿದು ತೀರ್ಮಾನಿಸಬಾರದು. ಎರಡು ಮೂರು ಒಟ್ಟಾಗಿ ಕಂಡು, ಹಿಂದಿನ ವರ್ಷ ಇರಲಿಲ್ಲ ಎಂದಾದರೆ ಬರೆದಿಡಿ. ಶಾಲೆಯ ಅಂಕಗಳ ಬಗ್ಗೆ ಒಂದು ಮಾತು: ಮೂರು ವರ್ಷ ದಾಟಿದ ಮೇಲೆ ಬರುವ ಥೈರಾಯ್ಡ್ ಕೊರತೆ ಬುದ್ಧಿಶಕ್ತಿಯನ್ನು ಶಾಶ್ವತವಾಗಿ ಕುಂದಿಸುವುದಿಲ್ಲ. ನಿಧಾನವಾದ, ತಂಟೆ ಮಾಡದ, ಕೂತಲ್ಲೇ ಕೂತು ಓದುವ ಮಗುವಿನ ಅಂಕಗಳು ಚೆನ್ನಾಗಿಯೇ ಇರಬಹುದು, ಅದರಿಂದಾಗಿಯೇ ಕಾಯಿಲೆ ಮರೆಯಾಗಿಯೂ ಉಳಿಯಬಹುದು.

ಮೈನೆರೆಯುವ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಥೈರಾಯ್ಡ್ ಕೊರತೆಯಿಂದ ಸಾಮಾನ್ಯವಾಗಿ ಹದಿಹರೆಯ ತಡವಾಗುತ್ತದೆ. ಆದರೆ ತೀವ್ರವಾದ ಕೊರತೆ ಬಹುಕಾಲ ಚಿಕಿತ್ಸೆಯಿಲ್ಲದೆ ಉಳಿದಾಗ ಕೆಲವು ಹುಡುಗಿಯರಲ್ಲಿ ಎಂಟು ವರ್ಷಕ್ಕಿಂತ ಮೊದಲೇ ಎದೆ ಬೆಳೆಯುವುದೋ ಮುಟ್ಟಿನಂತೆ ರಕ್ತ ಕಾಣುವುದೋ ಆಗುತ್ತದೆ. ಬೇರೆ ಕಾರಣಗಳಿಂದ ಬೇಗ ಮೈನೆರೆಯುವ ಹುಡುಗಿ ಆ ಅವಧಿಯಲ್ಲಿ ದಿಢೀರನೆ ಎತ್ತರವಾಗುತ್ತಾಳೆ. ಥೈರಾಯ್ಡ್ ಕಾರಣವಾದಾಗ ಮಾತ್ರ ದೇಹ ಮೈನೆರೆಯುತ್ತಿದ್ದರೂ ಎತ್ತರ ನಿಂತಿರುತ್ತದೆ. ಈ ವೈಪರೀತ್ಯ ಕಂಡರೆ ಅದೇ ವಾರ ಮಕ್ಕಳ ವೈದ್ಯರಿಗೆ ತೋರಿಸಿ, ಮತ್ತು ಸಂಕೋಚದಿಂದ ಮುಚ್ಚಿಡಬೇಡಿ.

ಗ್ರಂಥಿ ಅತಿಯಾಗಿ ಕೆಲಸ ಮಾಡಿದಾಗಿನ ಚಿತ್ರವೇ ಬೇರೆ. ಇಲ್ಲಿ ಮೊದಲು ದೂರು ಬರುವುದು ಶಾಲೆಯಿಂದ: ಗಮನವಿಲ್ಲ, ಕೂತಲ್ಲಿ ಕೂರುವುದಿಲ್ಲ, ಸಣ್ಣ ಮಾತಿಗೂ ಅಳುತ್ತಾಳೆ, ಕೈಬರಹ ಕೆಟ್ಟಿದೆ. ಮನೆಯಲ್ಲಿ ಹಸಿವು ಹೆಚ್ಚಿ ಎರಡು ಮೂರು ಸಲ ಬಡಿಸಿಕೊಂಡರೂ ತೂಕ ಇಳಿಯುತ್ತದೆ, ರಾತ್ರಿ ನಿದ್ದೆ ಬರುವುದಿಲ್ಲ, ಮೈ ಬೆವರುತ್ತದೆ, ದಿನಕ್ಕೆ ಹಲವು ಬಾರಿ ಮಲವಿಸರ್ಜನೆ ಆಗುತ್ತದೆ, ಕಣ್ಣು ಅರಳಿದಂತೆ ಕಾಣುತ್ತದೆ. ಕೈ ನಡುಕವನ್ನು ನೋಡಲು ಮಗುವಿಗೆ ಎರಡೂ ಕೈಗಳನ್ನು ಮುಂದೆ ಚಾಚಿ ಬೆರಳು ಅಗಲಿಸಲು ಹೇಳಿ, ಬೆರಳುಗಳ ಮೇಲೆ ಒಂದು ಹಾಳೆಯನ್ನಿಡಿ; ಹಾಳೆಯ ಅಂಚು ಸಣ್ಣಗೆ ಅದಿರುವುದು ಕಣ್ಣಿಗೆ ಬೀಳುತ್ತದೆ. ನಿದ್ದೆಯಲ್ಲಿದ್ದಾಗಲೂ ಎದೆಬಡಿತ ಜೋರಾಗಿದ್ದರೆ ಅದು ಭಯದ್ದಲ್ಲ. ನಾಲ್ಕನೆಯ ತರಗತಿಯವರೆಗೆ ಶಾಂತವಾಗಿದ್ದ ಮಗುವಿನಲ್ಲಿ ಕೆಲವು ತಿಂಗಳಲ್ಲೇ ಈ ಚಂಚಲತೆ ಬಂದಿದ್ದರೆ, ಗಮನದ ಕೊರತೆಯ ಚಿಕಿತ್ಸೆ ಆರಂಭಿಸುವ ಮೊದಲು ಥೈರಾಯ್ಡ್ ಪರೀಕ್ಷೆ ಆಗಲೇಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಬೈದು, ಟ್ಯೂಷನ್ ಬದಲಿಸಿ, ಫೋನ್ ಕಿತ್ತುಕೊಂಡು ಕಳೆದ ತಿಂಗಳುಗಳಲ್ಲಿ ಮಗು ತನ್ನ ತಪ್ಪಿಲ್ಲದೆ ಬಹಳ ನೊಂದಿರುತ್ತದೆ.

ಹಂತ 5: ಕುತ್ತಿಗೆಯನ್ನು ನೋಡಿ

ಬೆಳಕು ಪಕ್ಕದಿಂದ ಬೀಳುವಂತೆ ಕಿಟಕಿಯ ಬಳಿ ಮಗುವನ್ನು ಕೂರಿಸಿ, ಗದ್ದವನ್ನು ಸ್ವಲ್ಪ ಮೇಲೆತ್ತಿಸಿ, ಒಂದು ಗುಟುಕು ನೀರು ಕುಡಿಸಿ. ನುಂಗುವಾಗ ಗಂಟಲಮಣಿಯ ಕೆಳಗಿನಿಂದ ಕೊರಳೆಲುಬಿನವರೆಗಿನ ಭಾಗವನ್ನು ಎದುರಿನಿಂದಲೂ ಪಕ್ಕದಿಂದಲೂ ನೋಡಿ. ನುಂಗಿದಾಗ ಮೇಲೆದ್ದು ಇಳಿಯುವ ಉಬ್ಬು ಥೈರಾಯ್ಡಿನದು. ದವಡೆಯ ಕೆಳಗೆ, ಶೀತವಾದಾಗ ಕೈಗೆ ಸಿಗುವ ಗಂಟುಗಳು ಹಾಗೆ ಚಲಿಸುವುದಿಲ್ಲ. ಗ್ರಂಥಿಯ ಒಂದು ಬದಿ ಆ ಮಗುವಿನದೇ ಹೆಬ್ಬೆರಳಿನ ಉಗುರಿರುವ ಗಿಣ್ಣಿಗಿಂತ ದೊಡ್ಡದಾಗಿದ್ದರೆ ಅದು ಗಳಗಂಡ ಎಂಬುದು ಆರೋಗ್ಯ ಕಾರ್ಯಕರ್ತರು ಬಳಸುವ ಅಳತೆ. ಮನೆಯಲ್ಲಿ ಒತ್ತಿ ಅಳೆಯುವ ಅಗತ್ಯವಿಲ್ಲ, ಕಣ್ಣಿಗೆ ಕಂಡರೆ ಸಾಕು, ತೋರಿಸಿ. ಒಂದೇ ಬದಿಯಲ್ಲಿ ಗಟ್ಟಿ ಗಂಟು, ಬೇಗ ದೊಡ್ಡದಾಗುತ್ತಿರುವ ಗಂಟು, ದನಿ ಒಡೆದಿರುವುದು, ನುಂಗಲು ಕಷ್ಟ, ಅಥವಾ ಹಿಂದೆ ಕುತ್ತಿಗೆಗೆ ರೇಡಿಯೇಷನ್ ಆಗಿರುವುದು ಇದ್ದರೆ ಅಲ್ಟ್ರಾಸೌಂಡ್ ತಡವಾಗಬಾರದು, ಏಕೆಂದರೆ ಥೈರಾಯ್ಡಿನ ಗಂಟು ಕ್ಯಾನ್ಸರ್ ಆಗಿರುವ ಸಂಭವ ದೊಡ್ಡವರಿಗಿಂತ ಮಕ್ಕಳಲ್ಲಿ ಹೆಚ್ಚು.

ಹಂತ 6: ಪರೀಕ್ಷೆ ಮಾಡಿಸುವಾಗ

ಎತ್ತರ ಸರಿಯಾಗಿ ಏರುತ್ತಿದ್ದು, ಕುತ್ತಿಗೆ ಸಹಜವಾಗಿದ್ದು, ಬೇರೆ ಚಿಹ್ನೆಗಳಿಲ್ಲದ ಮಗುವಿಗೆ ಅಮ್ಮನ ಕಾಯಿಲೆಯ ಕಾರಣಕ್ಕೆ ವರ್ಷ ವರ್ಷವೂ ರಕ್ತಪರೀಕ್ಷೆ ಬೇಕಾಗಿಲ್ಲ. ಹುಟ್ಟಿನಿಂದಲೇ ಬರುವ ವರ್ಣತಂತು ದೋಷಗಳಾದ ಡೌನ್ ಸಿಂಡ್ರೋಮ್, ಟರ್ನರ್ ಸಿಂಡ್ರೋಮ್ ಅಥವಾ ಟೈಪ್ 1 ಮಧುಮೇಹ ಇರುವ ಮಕ್ಕಳಿಗೆ ಮಾತ್ರ ಲಕ್ಷಣವಿಲ್ಲದಿದ್ದರೂ ನಿಯಮಿತವಾಗಿ ಮಾಡಿಸುತ್ತಾರೆ. ಉಳಿದವರಿಗೆ ಸಂಶಯ ಬಂದಾಗ ಟಿಎಸ್‌ಎಚ್ ಮತ್ತು ಫ್ರೀ ಟಿ4 (ರಕ್ತದಲ್ಲಿ ಬಿಡಿಯಾಗಿರುವ ಟಿ4) ಎರಡೇ ಸಾಕು. ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿದೆ ಎನ್ನಿಸಿದರೆ ಟಿ3ಯನ್ನೂ ಸೇರಿಸುತ್ತಾರೆ. ಉಪವಾಸ ಬೇಕಿಲ್ಲ. ಕೂದಲಿಗಾಗಿ ಬಯೋಟಿನ್ ಇರುವ ಮಾತ್ರೆ ಅಥವಾ ಗಮ್ಮಿ ಕೊಡುತ್ತಿದ್ದರೆ ಎರಡು ಮೂರು ದಿನ ಮೊದಲೇ ನಿಲ್ಲಿಸಿ, ಏಕೆಂದರೆ ಅದು ಫಲಿತಾಂಶವನ್ನು ಸುಳ್ಳಾಗಿಸಬಲ್ಲದು. ಮೂರ್ಛೆಗೆ ವಾಲ್ಪ್ರೊಯೇಟ್ ಕೊಡುತ್ತಿದ್ದರೆ ಅದನ್ನು ನಿಲ್ಲಿಸಬಾರದು, ಆದರೆ ವೈದ್ಯರಿಗೆ ಹೇಳಬೇಕು. ಮಕ್ಕಳ ಸಹಜ ಮಿತಿ ವಯಸ್ಸಿಗೆ ತಕ್ಕಂತೆ ಬದಲಾಗುತ್ತದೆ. ವರದಿಯ ಪಕ್ಕದಲ್ಲಿ ದೊಡ್ಡವರ ಮಿತಿ ಮುದ್ರಿಸಿ, ಕೆಂಪು ಅಕ್ಷರದಲ್ಲಿ ತೋರಿಸಿದ ಅಂಕೆಯನ್ನು ನೋಡಿ ಗಾಬರಿಯಾಗಬೇಡಿ.

ಫ್ರೀ ಟಿ4 ಸಹಜವಾಗಿದ್ದು ಟಿಎಸ್‌ಎಚ್ ಮಾತ್ರ 5ರಿಂದ 10ರ ನಡುವೆ ಇರುವ ವರದಿಯೇ ಅತಿ ಹೆಚ್ಚು ಗೊಂದಲ ತರುವುದು. ಇದರಲ್ಲಿ ಬಹಳಷ್ಟು ಮಕ್ಕಳದು ಮುಂದಿನ ಪರೀಕ್ಷೆಯಲ್ಲಿ ತಾನಾಗಿಯೇ ಇಳಿದಿರುತ್ತದೆ. ತೂಕ ಹೆಚ್ಚಿರುವ ಮಕ್ಕಳಲ್ಲಿ ತೂಕದ ಕಾರಣದಿಂದಲೇ ಟಿಎಸ್‌ಎಚ್ ಸ್ವಲ್ಪ ಏರಿದ್ದು, ತೂಕ ಇಳಿದಾಗ ಅದೂ ಇಳಿಯುತ್ತದೆ. ಒಂದೇ ವರದಿ ನೋಡಿ ಮಾತ್ರೆ ಆರಂಭಿಸುವ ಬದಲು ಎರಡು ಮೂರು ತಿಂಗಳ ಅನಂತರ, ಸಾಧ್ಯವಾದರೆ ಅದೇ ಲ್ಯಾಬಿನಲ್ಲಿ, ಮತ್ತೆ ಮಾಡಿಸಿ. ಆಗಲೂ ಏರಿದ್ದರೆ ಹಾಶಿಮೊಟೊ ಕಾಯಿಲೆಯನ್ನು ಸೂಚಿಸುವ ಆಂಟಿ ಟಿಪಿಒ ಪ್ರತಿಕಾಯದ ಪರೀಕ್ಷೆ ಉಪಯುಕ್ತ. ಪ್ರತಿಕಾಯ ಇದೆ ಎಂಬ ಫಲಿತಾಂಶಕ್ಕೇ ಮಾತ್ರೆ ಬೇಡ. ಆ ಮಗುವಿಗೆ ಮುಂದೆ ಕೊರತೆ ಬರುವ ಸಂಭವ ಹೆಚ್ಚಾದ್ದರಿಂದ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ ಟಿಎಸ್‌ಎಚ್ ನೋಡುತ್ತಿರಬೇಕು. ಟಿಎಸ್‌ಎಚ್ 10ಕ್ಕಿಂತ ಮೇಲೆಯೇ ಉಳಿದರೆ ಅಥವಾ ಫ್ರೀ ಟಿ4 ಕುಸಿದಿದ್ದರೆ ಚಿಕಿತ್ಸೆ ಬೇಕು. ಟಿಎಸ್‌ಎಚ್ ಕುಸಿದು ಫ್ರೀ ಟಿ4 ಏರಿದ್ದರೆ ಮಕ್ಕಳ ಹಾರ್ಮೋನ್ ತಜ್ಞರನ್ನೇ ಕಾಣಬೇಕು.

ಖಾಸಗಿ ವೈದ್ಯರ ಖರ್ಚು ಭರಿಸಲಾಗದವರು ಇದನ್ನು ಕೈಬಿಡಬೇಕಾಗಿಲ್ಲ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗಳಿಗೂ ಸರ್ಕಾರಿ ಶಾಲೆಗಳಿಗೂ ಬಂದು ಮಕ್ಕಳನ್ನು ಪರೀಕ್ಷಿಸುತ್ತವೆ. ಅವರು ನೋಡುವ ತೊಂದರೆಗಳಲ್ಲಿ ಗಳಗಂಡವೂ ಒಂದು. ತಂಡ ಬರುವ ದಿನವನ್ನು ಶಿಕ್ಷಕರಿಂದ ತಿಳಿದುಕೊಂಡು ನೀವು ಬರೆದಿಟ್ಟ ಎತ್ತರದ ಅಳತೆ ಮತ್ತು ಮನೆತನದ ಹಾಳೆಯನ್ನು ಮಗುವಿನ ಕೈಯಲ್ಲಿ ಕಳುಹಿಸಿ. ಅಲ್ಲಿಂದ ಜಿಲ್ಲಾಸ್ಪತ್ರೆಗೆ ಬರೆಸಿಕೊಳ್ಳಬಹುದು.

ಹಂತ 7: ಚಿಕಿತ್ಸೆ ಆರಂಭವಾದರೆ

ಅಮ್ಮನ ಮಾತ್ರೆಯನ್ನು ಅರ್ಧ ಮಾಡಿ ಮಗುವಿಗೆ ಕೊಡುವುದನ್ನು ಎಂದೂ ಮಾಡಬೇಡಿ. ಮಕ್ಕಳಿಗೆ ತೂಕಕ್ಕೆ ತಕ್ಕ ಪ್ರಮಾಣ ಬೇಕು, ಮತ್ತು ಅದು ದೊಡ್ಡವರ ಲೆಕ್ಕಕ್ಕಿಂತ ಬೇರೆ. ನವಜಾತ ಶಿಶುವಿಗೆ ದಿನಕ್ಕೆ ಕೆ.ಜಿ.ಗೆ 10ರಿಂದ 15 ಮೈಕ್ರೊಗ್ರಾಂ ಕೊಟ್ಟರೆ, ಶಾಲಾ ವಯಸ್ಸಿನ ಮಗುವಿಗೆ ಕೆ.ಜಿ.ಗೆ 2ರಿಂದ 4 ಮೈಕ್ರೊಗ್ರಾಂ ಸಾಕಾಗುತ್ತದೆ. ಲೀವೊಥೈರಾಕ್ಸಿನ್ (ಥೈರಾಯ್ಡ್ ಕೊರತೆಯ) ಮಾತ್ರೆಯನ್ನು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಕೊಟ್ಟು, ತಿಂಡಿಗೆ ಮೊದಲು ಅರ್ಧದಿಂದ ಒಂದು ಗಂಟೆ ಬಿಡಬೇಕು. ಚಿಕ್ಕ ಮಗುವಿಗೆ ಒಂದು ಚಮಚ ನೀರಿನಲ್ಲೋ ಎದೆಹಾಲಿನಲ್ಲೋ ಆಗಲೇ ಪುಡಿಮಾಡಿ ಕೊಡಿ. ರಾತ್ರಿಯೇ ಕರಗಿಸಿಡಬೇಡಿ, ಹಾಲಿನ ಬಾಟಲಿಗೆ ಬೆರೆಸಬೇಡಿ. ಕಬ್ಬಿಣಾಂಶ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಲಿ. ಶಾಲೆಯಲ್ಲಿ ವಾರಕ್ಕೊಮ್ಮೆ ಬಿಸಿಯೂಟದ ಅನಂತರ ಕೊಡುವ ಕಬ್ಬಿಣಾಂಶದ ಮಾತ್ರೆಯಿಂದ ತೊಂದರೆಯಿಲ್ಲ. ಬೆಳಿಗ್ಗೆ ಎದ್ದಕೂಡಲೇ ಥೈರಾಯ್ಡ್ ಮಾತ್ರೆ ತೆಗೆದುಕೊಂಡ ಮಗು ಶಾಲೆಯಲ್ಲಿ ಕ್ಷೀರಭಾಗ್ಯದ ಹಾಲನ್ನೂ ಕುಡಿಯಬಹುದು. ಎಲೆಕೋಸು, ಹೂಕೋಸು ನಿಲ್ಲಿಸಬೇಕೆಂದು ಹಿರಿಯರು ಹೇಳುತ್ತಾರೆ. ಬೇಯಿಸಿ, ಮನೆಯ ಪ್ರಮಾಣದಲ್ಲಿ ತಿನ್ನುವ ಪಲ್ಯದಿಂದ ಯಾವ ಹಾನಿಯೂ ಇಲ್ಲ.

ಆರಂಭಿಸಿದ ಮೇಲೆ ಅಥವಾ ಪ್ರಮಾಣ ಬದಲಿಸಿದ ಮೇಲೆ ಆರರಿಂದ ಎಂಟು ವಾರಕ್ಕೆ ಟಿಎಸ್‌ಎಚ್ ಮಾಡಿಸುತ್ತಾರೆ. ಶಿಶುಗಳಲ್ಲಿ ಇನ್ನೂ ಬೇಗ. ಮೊದಲ ತಿಂಗಳುಗಳಲ್ಲಿ ಮಗು ಚುರುಕಾಗಿ, ಕೆಲವೊಮ್ಮೆ ತಂಟೆಕೋರನಾಗಿ ಬದಲಾಗಬಹುದು, ಆಗ ಮಾತ್ರೆಯೇ ಕೆಟ್ಟದೆಂದು ನಿಲ್ಲಿಸಬೇಡಿ. ಗ್ರೇವ್ಸ್ ಕಾಯಿಲೆಗೆ ಕಾರ್ಬಿಮಜೋಲ್ ಅಥವಾ ಮೆಥಿಮಜೋಲ್ ತೆಗೆದುಕೊಳ್ಳುವ ಮಗುವಿಗೆ ಜ್ವರ, ಗಂಟಲುನೋವು ಅಥವಾ ಬಾಯಿಹುಣ್ಣು ಬಂದರೆ ಆ ಹೊತ್ತಿನ ಮಾತ್ರೆ ಕೊಡದೆ ಅದೇ ದಿನ ವೈದ್ಯರನ್ನು ಕಂಡು ಬಿಳಿ ರಕ್ತಕಣಗಳ ಎಣಿಕೆ ಮಾಡಿಸಬೇಕು. ಇದನ್ನು ಮನೆಯ ಎಲ್ಲರಿಗೂ, ಅಜ್ಜ ಅಜ್ಜಿಗೂ, ತಿಳಿಸಿರಬೇಕು.

ಪಿಯುಸಿಗಾಗಿ ಹಾಸ್ಟೆಲ್‌ಗೆ ಹೊರಡುವ ಹೊತ್ತಿಗೆ ಮಕ್ಕಳು ತಮ್ಮ ಕಾಯಿಲೆಯ ಹೆಸರು, ಮಾತ್ರೆಯ ಪ್ರಮಾಣ, ಕಳೆದ ಬಾರಿಯ ಟಿಎಸ್‌ಎಚ್ ಎಷ್ಟಿತ್ತು ಎಂಬುದನ್ನು ಹೇಳಬಲ್ಲವರಾಗಿರಬೇಕು. ಮಾತ್ರೆಯ ಬಾಟಲಿಯನ್ನು ಬಿಸಿಲು ಮತ್ತು ತೇವ ತಾಗದ ಕಡೆ ಇಡಬೇಕು, ಒಂದು ದಿನ ತಪ್ಪಿದರೆ ನೆನಪಾದ ಕೂಡಲೇ ತೆಗೆದುಕೊಳ್ಳಬೇಕು. ಹುಡುಗಿಯರಿಗೆ ಇನ್ನೊಂದು ವಿಷಯವನ್ನೂ ಹೇಳಿಕೊಡಬೇಕು: ಮುಂದೆ ಬಸುರಿಯಾದಾಗ ಮಾತ್ರೆಯನ್ನು ನಿಲ್ಲಿಸಬಾರದು, ತಿಳಿದ ಕೂಡಲೇ ವೈದ್ಯರ ಬಳಿ ಹೋಗಿ ಪ್ರಮಾಣವನ್ನು ಹೆಚ್ಚಿಸಿಕೊಳ್ಳಬೇಕಾಗಬಹುದು, ಮತ್ತು ಹುಟ್ಟುವ ಮಗುವಿಗೆ ಮೊದಲ ವಾರದಲ್ಲೇ ಥೈರಾಯ್ಡ್ ತಪಾಸಣೆ ಮಾಡಿಸಬೇಕು.